ರೇಷ್ಮೆ ಹುಳುವಿನ ಮಿದುಳು ಕೊಡುವ ಅಪ್ಪಣೆ



ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಕಡೆ ರೇಷ್ಮೆ ಸಾಕುವವರಿಗೆ ಹುಳು ಜ್ವರಕ್ಕೆ ಕೂರುವುದು ಗೊತ್ತು. ಸೊಪ್ಪು ಮುಟ್ಟದೆ, ತಲೆ ಎತ್ತಿ ಅಲುಗಾಡದೆ ನಿಲ್ಲುತ್ತದೆ. ಆಮೇಲೆ ಪೊರೆ ಕಳಚಿ ಮತ್ತೆ ಮೇಯುತ್ತದೆ. ಹೀಗೆ ನಾಲ್ಕು ಜ್ವರ ದಾಟಿ, ಕೊನೆಗೆ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಸೇರುತ್ತದೆ. ಯಾವಾಗ ಏನಾಗಬೇಕೆಂದು ಗೊತ್ತುಮಾಡುವುದು ಯಾವುದು?

ಹುಳುವಿನ ಮಿದುಳು. ಅಲ್ಲಿನ ಬೆರಳೆಣಿಕೆಯ ನರಕೋಶಗಳು ಪ್ರೋಟೀನ್ ಜಾತಿಯ ಸಣ್ಣ ಅಣುಗಳನ್ನು ಮಾಡಿ ದೇಹದ್ರವಕ್ಕೆ ಬಿಡುತ್ತವೆ. ಇಂಥ ಅಣುಗಳೇ ನ್ಯೂರೋಪೆಪ್ಟೈಡ್‌ಗಳು. ಮರಿಹುಳುವಿನ ಮಿದುಳನ್ನು ಬೇಗನೆ ತೆಗೆದರೆ ಅದು ಕೋಶವಾಗುವುದೇ ಇಲ್ಲ ಎಂದು ಪೋಲೆಂಡಿನ ವಿಜ್ಞಾನಿ ಸ್ಟೆಫಾನ್ ಕೊಪೆಚ್ 1922ರಲ್ಲಿ ವಿವರಿಸಿದರು. ಮಿದುಳಿನ ಅಪ್ಪಣೆ ಎದೆಭಾಗದ ಗ್ರಂಥಿಗೆ ತಲುಪುತ್ತದೆ. ಗ್ರಂಥಿ ಎಕ್ಡೈಸೋನ್ ಎಂಬ ಹಾರ್ಮೋನ್ ಸುರಿಸುತ್ತದೆ. ಆಗ ಪೊರೆ ಕಳಚುತ್ತದೆ. ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ ಈ ಎಕ್ಡೈಸೋನ್ ಬೇರ್ಪಡಿಸಿದ್ದು ರೇಷ್ಮೆ ಕೋಶಗಳಿಂದಲೇ.

ಇನ್ನೊಂದು ನ್ಯೂರೋಪೆಪ್ಟೈಡ್ ಮೊಟ್ಟೆಗಳನ್ನು ನಿದ್ದೆಗೆ ಕಳಿಸುತ್ತದೆ. 1951ರಲ್ಲಿ ಜಪಾನಿನ ಫುಕುದ ಮತ್ತು ಹಸೆಗಾವ ಅದರ ಸುಳಿವು ಹಿಡಿದರು. ಅದು 24 ಅಮೈನೋ ಆಮ್ಲಗಳ ಸರಪಳಿ. ತಾಯಿ ಕೋಶದಲ್ಲಿದ್ದಾಗ ಗಂಟಲ ಕೆಳಗಿನ ನರಗಂಟಿನಿಂದ ಹೊರಟು ಅಂಡಾಶಯ ಮುಟ್ಟುತ್ತದೆ. ಹೀಗಾಗಿ ಮೊಟ್ಟೆ ಮಲಗುವುದೋ, ಒಡೆಯುವುದೋ ಎಂಬುದು ತಾಯಿಯಲ್ಲೇ ತೀರ್ಮಾನವಾಗುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ಸಿ.ಎಸ್.ಆರ್. 2 ದ್ವಿತಳಿ. ಅದರ ಗಂಡನ್ನು ನಮ್ಮ ಮೈಸೂರು ತಳಿಯ ಹೆಣ್ಣಿಗೆ ಕೂಡಿಸಿದ ಮಿಶ್ರತಳಿಯ ಮೊಟ್ಟೆ ಮಲಗದೆ ಒಡೆಯಲು ತಾಯಿ ಮೈಸೂರು ತಳಿಯದಾಗಿರುವುದೇ ಕಾರಣ. ಮಲಗುವ ದ್ವಿತಳಿ ಮೊಟ್ಟೆಗಳನ್ನು, ಚಿಟ್ಟೆ ಇಟ್ಟ ಸುಮಾರು 20 ಗಂಟೆಗೆ, ಬಿತ್ತನೆ ಕೇಂದ್ರದಲ್ಲಿ ಬಿಸಿ ಆಮ್ಲದಲ್ಲಿ ಅದ್ದಿ ಈ ನಿದ್ದೆ ತಪ್ಪಿಸುತ್ತಾರೆ.

ಮಿದುಳು ಈ ಅಪ್ಪಣೆಗಳನ್ನು ಕೊಡುವಾಗ ಬಿಸಿ, ಬೆಳಕು, ಹೊಟ್ಟೆಗೆ ಬಿದ್ದ ಸೊಪ್ಪು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೊಟ್ಟೆಗೆ ಕಾವು ಕೊಡುವಾಗಿನ ಶಾಖವೇ ಮುಂದಿನ ಪೀಳಿಗೆಯ ನಿದ್ದೆಯನ್ನು ನಿರ್ಧರಿಸಬಲ್ಲದು. ಆದ್ದರಿಂದ ಸಾಕಾಣಿಕೆ ಮನೆಯಲ್ಲಿ ನೀವು ತೋರುವ ಎಚ್ಚರ ಬರೀ ವಾಡಿಕೆಯಲ್ಲ; ಅದು ಹುಳುವಿನ ಮಿದುಳಿಗೆ ಮುಟ್ಟುತ್ತದೆ.

ರೈತ ಬಾಂಧವರೇ, ಹುಳು ಜ್ವರದಲ್ಲಿರುವಾಗ ಹಾಸಿಗೆ ಒಣಗಿರಲಿ, ಗಾಳಿಯಾಡಲಿ, ಅದನ್ನು ಕದಲಿಸಬೇಡಿ. ಹೆಚ್ಚುಕಡಿಮೆ ಎಲ್ಲ ಹುಳುಗಳೂ ಎದ್ದ ಮೇಲೆಯೇ ಸೊಪ್ಪು ಕೊಡಿ. ಬೆಳೆ ಒಂದೇ ಸಮ ಹಣ್ಣಾಗುತ್ತದೆ.