ಕೆಡವುವ ಮುನ್ನ ಕೇಳಿ
(ಗುಂಡ್ಲುಪೇಟೆಯ ಸಭೆಯಲ್ಲಿ ಮಾಡಿದ ಭಾಷಣ)



1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರ ತೆರೆದದ್ದು ಸರ್ಕಾರವಲ್ಲ, ಒಬ್ಬ ಮೇಷ್ಟರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವ್ಯಾಟಿನ ಯಂತ್ರ ಹೂಡಿದರು. ಇಂದು ದೇಶವೆಲ್ಲ ಹೇಳುವ ‘ಆಕಾಶವಾಣಿ’ ಆ ಕೇಂದ್ರದ ಹೆಸರು.

1955ರಲ್ಲಿ ಕೇಂದ್ರವನ್ನು ಬೆಂಗಳೂರಿಗೆ ಸಾಗಿಸಿದರು. ಚಾಮರಾಜನಗರ, ಗುಂಡ್ಲುಪೇಟೆ ಆಗ ಮೈಸೂರು ಜಿಲ್ಲೆಯವೇ. ನಮ್ಮ ರೈತರನ್ನು ಕೇಳಿದವರಾರು? ಮೈಸೂರಿಗೆ ಕೇಂದ್ರ ಮತ್ತೆ ಬಂದದ್ದು 1974ರಲ್ಲಿ.

ಯಂತ್ರ ಹಳತಾದರೆ ಹೊಸದು ಬರಲಿ, ಬೇಡವೆನ್ನುವುದಿಲ್ಲ. ಆದರೆ ಜನ ಕೂಡಿ ಕೇಳಿದ ಜಾಗ ಜನರ ಆಸ್ತಿ. ನಿಮ್ಮೂರಿನಲ್ಲಿ ಪಂಚಾಯ್ತಿ ರೇಡಿಯೋ ಇಟ್ಟಿದ್ದ ಕೋಣೆ ಇನ್ನೂ ನಿಂತಿದೆಯೇ? ನಿಂತಿದ್ದರೆ, ಗ್ರಾಮಸಭೆ ಒಪ್ಪದೆ ಅದರ ಒಂದು ಹೆಂಚನ್ನೂ ಇಳಿಸಗೊಡಬೇಡಿ.