ಹಾಲು ಸಾಲದೆನ್ನುವ ಮೊದಲು



ಮಲಪ್ರಭೆಯ ದಡದ ಈ ಮನೋಳಿಯಲ್ಲಿಯೂ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಸುತ್ತಲಿನ ಹಳ್ಳಿಗಳಲ್ಲಿಯೂ ತಾಯಿಯ ಹಾಲಿನ ಮಹಿಮೆಯನ್ನು ಅರಿಯದವರಿಲ್ಲ. ಆದರೂ ಹೆರಿಗೆಯಾದ ಎರಡು ಮೂರು ದಿನಗಳೊಳಗೆ ಎಷ್ಟೋ ಮನೆಗಳಲ್ಲಿ ಒಂದು ಮಾತು ಹುಟ್ಟಿಕೊಳ್ಳುತ್ತದೆ: “ಬಾಣಂತಿಗೆ ಹಾಲು ಸಾಲದು, ಕೂಸು ಅಳುತ್ತದೆ, ಆಕಳ ಹಾಲು ಕುಡಿಸಿರಿ.” ಈ ಮಾತನ್ನು ಒಪ್ಪುವ ಮೊದಲು ತಿಳಿದವರನ್ನು ಕರೆದು ಕೇಳಿರೆಂಬುದೇ ನಮ್ಮ ವಿನಂತಿ.

ಪಂಪು ನೀರೆತ್ತದಿದ್ದರೆ ಬಾವಿ ಬತ್ತಿತೆಂದು ಯಾವ ರೈತನೂ ಅದನ್ನು ಮುಚ್ಚುವುದಿಲ್ಲ. ಬಲ್ಲವರನ್ನು ಕರೆಸಿ ಕೊಳವೆಯನ್ನು ಪರೀಕ್ಷಿಸುತ್ತಾನೆ. ಇಲ್ಲಿಯೂ ಹಾಗೆಯೇ. ಮೊದಲ ದಿನ ಬರುವ ದಪ್ಪನೆಯ ಹಳದಿ ಹಾಲು ಕೆಲವೇ ಚಮಚಗಳಷ್ಟಾದರೂ ಕೂಸಿನ ಪುಟ್ಟ ಹೊಟ್ಟೆಗೆ ಅದು ಸಾಕು. ರೋಗವನ್ನು ತಡೆಯುವ ಶಕ್ತಿಯೂ ಅದರಲ್ಲಿದೆ. ಕೂಸು ಚೀಪಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಮೇಲುಹಾಲು ಕುಡಿಸಿದರೆ ಚೀಪುವುದು ಕಡಿಮೆಯಾಗಿ, ತಾಯಿಯ ಹಾಲೂ ನಿಜವಾಗಿಯೇ ಕಡಿಮೆಯಾಗುತ್ತದೆ. ತೊಳೆದರೂ ಶುದ್ಧವಾಗದ ಬಾಟಲಿಯಿಂದ ಭೇದಿಯುಂಟಾಗಿ ಕೂಸಿನ ಪ್ರಾಣಕ್ಕೇ ಅಪಾಯ ಒದಗಬಹುದು.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದಷ್ಟೇ ಅಳೆಯಲಾಗದು. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಮೊಲೆಯುಣ್ಣುವ ಕೂಸು, ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತ ತೂಕದಲ್ಲಿ ಏರುತ್ತಿದ್ದರೆ ಚಿಂತೆಗೆ ಕಾರಣವಿಲ್ಲ.

ತೊಂದರೆಯಿದ್ದಲ್ಲಿ ಅದು ಬಹುಮಟ್ಟಿಗೆ ಕೂಸನ್ನು ಹಿಡಿಯುವ ರೀತಿಯಲ್ಲಿರುತ್ತದೆ. ಕೂಸು ಬಾಯಿಯನ್ನು ಅಗಲವಾಗಿ ತೆರೆದು, ತೊಟ್ಟನ್ನಷ್ಟೇ ಅಲ್ಲದೆ ಅದರ ಸುತ್ತಲಿನ ಕಪ್ಪು ಭಾಗವನ್ನೂ ಹಿಡಿಯಬೇಕು. ಗದ್ದವು ಎದೆಗೆ ತಾಗಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಇದು ತಪ್ಪಿದರೆ ತೊಟ್ಟು ಬಿರಿಯುತ್ತದೆ, ಎದೆ ಕಟ್ಟಿಕೊಳ್ಳುತ್ತದೆ. ಇದನ್ನು ಕಣ್ಣಾರೆ ನೋಡಿ ತಿದ್ದಬಲ್ಲವರು ನಿಮ್ಮೂರಿನಲ್ಲಿಯೇ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಳಿಕ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬಂದು ಕೂಸನ್ನು ತೂಗಿ ನೋಡಬೇಕೆಂಬ ನಿಯಮವಿದೆ. ಆಕೆಯ ಮುಂದೆಯೇ ಹಾಲುಣಿಸಿ ತೋರಿಸಿರಿ. ಬಗೆಹರಿಯದಿದ್ದರೆ ಉಪಕೇಂದ್ರದ ದಾದಿಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಕಾಣಿರಿ.

ಎದೆ ಕೆಂಪೇರಿ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಬೇಕು. ಆದರೆ ಹಾಲುಣಿಸುವುದನ್ನು ನಿಲ್ಲಿಸಬಾರದು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಚೀಪಲು ಶಕ್ತಿ ಸಾಲದಿದ್ದರೆ, ಹಾಲನ್ನು ಕೈಯಿಂದ ಹಿಂಡಿ ಒಳಲೆಯಲ್ಲಿ ಕುಡಿಸುವ ಕ್ರಮವನ್ನು ದಾದಿಯು ಕಲಿಸುವಳು. ಕೂಸು ಹಾಲನ್ನೇ ಬಿಟ್ಟರೆ, ಮಂಕಾದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಉಸಿರಾಡುವಾಗ ಎದೆಗೂಡು ಒಳಸೆಳೆದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿರಿ. ಒಂದು ವರ್ಷದೊಳಗಿನ ಅಸ್ವಸ್ಥ ಶಿಶುವಿಗೆ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ಅಲ್ಲಿಗೆ ಕರೆದೊಯ್ಯುವ ವಾಹನವೂ ಉಚಿತ.

ನಿಜವಾಗಿಯೂ ಮೇಲುಹಾಲು ಬೇಕಾಗುವ ಕೂಸುಗಳೂ ಕೆಲವುಂಟು. ಅದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ಅಂಗಡಿಯವರಲ್ಲ. ಶಿಶುಗಳ ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತನ್ನು 1992ರ ಕಾಯಿದೆಯೇ ನಿಷೇಧಿಸಿದೆ.

ಈಗ ಗಂಡಂದಿರಿಗೆ ಒಂದು ಮಾತು. ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವುದರಿಂದ ತಮಗೇನೂ ಕೆಲಸವಿಲ್ಲವೆಂದು ಭಾವಿಸಬೇಡಿರಿ. ಹೆಂಡತಿಯು ತವರಿಗೆ ಹೋಗುವ ಮೊದಲೇ ಇಬ್ಬರೂ ಕೂಡಿ ಆ ಊರಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿರಿ, ತಾಯಿ ಕಾರ್ಡನ್ನು ಜೊತೆಗೆ ಕಳುಹಿಸಿರಿ. ಹೆರಿಗೆಯಾದ ಮೇಲೆ ದಿನವೂ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿರಿ: ಕೂಸು ಎಷ್ಟು ಸಲ ಹಾಲು ಕುಡಿಯಿತು? ಎಷ್ಟು ಸಲ ಮೂತ್ರ ಮಾಡಿತು? ಕುಡಿಸುವಾಗ ನಿನಗೆ ನೋವಾಗುತ್ತದೆಯೇ? ಉತ್ತರ ಸಮಾಧಾನಕರವಾಗಿರದಿದ್ದರೆ ಅಂದೇ ದಾದಿಯಲ್ಲಿಗೆ ಕರೆದೊಯ್ಯುವ ವ್ಯವಸ್ಥೆ ಮಾಡಿರಿ.

ತಾಯಂದಿರೇ, ನೋವನ್ನು ನುಂಗಿಕೊಂಡು ಸುಮ್ಮನಿರಬೇಡಿರಿ. ಹಾಲುಣಿಸುವುದು ತಾಯಿ ಮಗು ಇಬ್ಬರೂ ಕಲಿಯಬೇಕಾದ ವಿದ್ಯೆ; ಕಲಿಸುವವರನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ. ಮೊದಲ ಆರು ತಿಂಗಳು ನೀರನ್ನೂ ಕೊಡದೆ ತಾಯಿಯ ಹಾಲೊಂದನ್ನೇ ಉಣಿಸಿರಿ. ಬಳಿಕ ಮೆತ್ತನೆಯ ಮನೆಯೂಟದೊಡನೆ ಎರಡು ವರ್ಷದವರೆಗಾದರೂ ಮುಂದುವರಿಸಿರಿ. ನಿಮ್ಮ ಕೂಸು ಆರೋಗ್ಯವಂತವಾಗಿ ಬೆಳೆಯಲಿ.