ಮನಸ್ಸಿಗೂ ಕಾಯಿಲೆ ಬರುತ್ತದೆ



ನಮ್ಮ ಕಲಿಕಾ ಕೇಂದ್ರಕ್ಕೆ ದಿನಾ ಬರುತ್ತಿದ್ದ ಅಕ್ಕ ಒಬ್ಬರು ಬರೋದೇ ಬಿಟ್ಟರು. ಊಟ ಬೇಡ, ನಿದ್ದೆ ಇಲ್ಲ, ಬರೀ ಅಳು. ತಿಂಗಳಾದರೂ ಹಾಗೇ. ಮನೆಯವರು ‘ಗಾಳಿ ಸೋಕಿದೆ’ ಅಂದರು. ನಾವೋ, ಸೋಮಾರಿತನ ಅಂದುಕೊಂಡೆವು. ಅದು ನಮ್ಮ ತಪ್ಪು.

ನಮ್ಮ ತಲೆಯೊಳಗೆ ಮಿದುಳು ಇದೆ. ಅದರಲ್ಲಿ ಕೋಟಿ ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಒಂಟಿತನ, ಹೆದರಿಕೆ, ಬೈಗುಳ ಬಹಳ ದಿನ ಇದ್ದರೆ ಈ ಕೆಲಸ ಏರುಪೇರಾಗಬಹುದು. ಆಗ ನಿದ್ದೆ, ಹಸಿವು, ಉತ್ಸಾಹ ಎಲ್ಲ ಕೆಡುತ್ತದೆ. ಇದೇ ಖಿನ್ನತೆ.

ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಗುಳಿಗೆ ಕೊಟ್ಟರು. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನಾವಾಗಿಯೇ ಬಿಡಬಾರದು. ಗುಳಿಗೆ ಒಂದೇ ಅಲ್ಲ. ಸಲಹೆಗಾರರೊಬ್ಬರು ಕೂರಿಸಿಕೊಂಡು ಮಾತಾಡಿಸಿದರು. ಗಂಡನ ಕುಡಿತದ ಸಂಗತಿ ಅಕ್ಕ ಬಾಯಿಬಿಟ್ಟದ್ದು ಅಲ್ಲೇ ಮೊದಲು. “ನನ್ನ ಮಾತು ಯಾರೂ ಕೇಳಿರಲಿಲ್ಲ ಟೀಚರೇ” ಅಂದರು. ನಾವೂ ಕೇಳಿರಲಿಲ್ಲ.

ಈಗ ಮತ್ತೆ ಬರುತ್ತಿದ್ದಾರೆ. ಪೂರ್ತಿ ವಾಸಿಯಾಗಿಲ್ಲ. ಆದರೆ ನಗುತ್ತಾರೆ.

ಆಸ್ಪತ್ರೆ ದೂರವೇ? 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಶುರು ಮಾಡಿದ ‘ಟೆಲಿ ಮಾನಸ್’ ಅದು. ದುಡ್ಡಿಲ್ಲ. ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು. ಅಂಕಿ ಬರೆಯಲು ನಿಮಗೀಗ ಬರುತ್ತದಲ್ಲ, ಅಡುಗೆಮನೆ ಗೋಡೆಯ ಮೇಲೆ ಬರೆದಿಡಿ.